ಗಂಡನ ತಾಟಿನ ಎಣಗಾಯಿ

ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿ ಇವರನ್ನು ರಾಯಚೂರಿನಿಂದ ದೇವದುರ್ಗದ ಮನೆಗೆ ಕರೆತಂದಾಗ ನನಗಿದ್ದ ಆಸೆ ಒಂದೇ, ಈ ಮನುಷ್ಯ ಉಳಿಯಬೇಕು. ಡಾಕ್ಟರು ಹೇಳಿದ್ದು ಸರಳವಾಗಿತ್ತು. ಎಣ್ಣೆ ಕಡಿಮೆ ಮಾಡಿ, ಸೊಪ್ಪು ತರಕಾರಿ ಹೆಚ್ಚು ತಿನ್ನಿ. ಅದರ ನಾರು ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ, ಬಣ್ಣಬಣ್ಣದ ತರಕಾರಿಯಲ್ಲಿ ಆಂಟಿಆಕ್ಸಿಡೆಂಟ್ ಇರುತ್ತವೆ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ತಲೆಯಾಡಿಸಿದೆ. ಪಕ್ಕದಲ್ಲಿದ್ದ ಅತ್ತೆಯೂ ತಲೆಯಾಡಿಸಿದರು.

ಅತ್ತೆಗೆ ತರಕಾರಿ ಎಂದರೆ ಎಣಗಾಯಿ. ಮರುದಿನವೇ ಶುರುವಾಯಿತು. ಬದನೆಕಾಯಿ ಸೀಳಿ, ಶೇಂಗಾ ಪುಡಿ, ಗುರೆಳ್ಳು ಪುಡಿ ತುಂಬಿ, ಮೇಲೆ ತೇಲುವಷ್ಟು ಎಣ್ಣೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಅಂದರು.

"ಬದನಿಕಾಯಿ ಕಾಯಿಪಲ್ಯೆ ಅಲ್ಲೇನಬೇ? ಡಾಕ್ಟರೇ ಹೇಳ್ಯಾರ. ನನ್ನ ಮಗನಿಗೆ ಬರೇ ಹುಲ್ಲು ತಿನಸ್ತೀ ಏನು?"

ಹುಲ್ಲು ಎಂದರೆ ನನ್ನ ತವರಿನ ಸೊಪ್ಪು. ಮಾನ್ವಿಯಿಂದ ನನ್ನ ತಮ್ಮ ಬಸ್ಸಿನಲ್ಲಿ ಕಳಿಸುತ್ತಿದ್ದ ಮೆಂತ್ಯ, ಹಕ್ಕರಿಕೆ, ರಾಜಗಿರಿ. ಅದನ್ನು ನಾನು ಹನಿ ಎಣ್ಣೆಯಲ್ಲಿ ಬಾಡಿಸಿ ಇಡುತ್ತಿದ್ದೆ. ಅತ್ತೆ ಮಗನೆದುರು ಕುಳಿತು ಎಣಗಾಯಿ ಬಡಿಸುತ್ತಿದ್ದರು, ಮಗ ಏಳುವವರೆಗೆ ಕದಲುತ್ತಿರಲಿಲ್ಲ. ಮುದುಕಿಯ ಪ್ರೀತಿ ಸುಳ್ಳಲ್ಲ. ಮಗನ ಸಂಕಟಕ್ಕೆ ಆಕೆಗೆ ಗೊತ್ತಿದ್ದ ಮದ್ದು ಅದೊಂದೇ. ಅವ್ವನಿಗೆ ಬೇಡ ಎನ್ನಲು ಇವರಿಗೆ ಈ ವಯಸ್ಸಿನಲ್ಲೂ ಬಾಯಿ ಬರುವುದಿಲ್ಲ.

ನಮ್ಮ ಮನೆಯಲ್ಲಿ ಗಂಡ ಉಂಡೆದ್ದ ತಾಟಿನಲ್ಲೇ ಹೆಂಡತಿ ಉಣ್ಣಬೇಕು. ಮದುವೆಯಾದ ಹೊಸತರಲ್ಲಿ ಇದಕ್ಕಾಗಿ ಜಗಳವಾಡಿ ಸೋತಿದ್ದೆ. ಈಗ ಅದೇ ಪದ್ಧತಿ ಉಪಯೋಗಕ್ಕೆ ಬಂತು. ಇವರು ಸೊಪ್ಪು ತಿಂದು, ಅತ್ತೆ ಒಲೆಯ ಕಡೆ ತಿರುಗಿದಾಗ ಎಣಗಾಯಿಯನ್ನು ಅರ್ಧ ರೊಟ್ಟಿಯ ಕೆಳಗೆ ಮುಚ್ಚಿ ಏಳುತ್ತಿದ್ದರು. ನಾನು ಅಲ್ಲೇ ಕುಳಿತು ತಿಂದು ಮುಗಿಸುತ್ತಿದ್ದೆ. ಬೆಳಗಿದಂತಾದ ತಾಟು ನೋಡಿ ಅತ್ತೆಗೆ ಸಮಾಧಾನ. ನನಗೋ, ಎರಡು ಹೊತ್ತೂ ಅದೇ ಎಣ್ಣೆಯ ತೇಗು. ಚೆಲ್ಲೋಣವೆಂದರೆ ಹಿತ್ತಲಲ್ಲೂ ಅತ್ತೆಯ ಕಣ್ಣು. ನನ್ನ ಮನೆಯಲ್ಲೇ ಒಂದು ಬದನೆಕಾಯಿ ಬಿಸಾಡಲು ನನಗೆ ಜಾಗವಿರಲಿಲ್ಲ.

ಕೆಲವು ತಿಂಗಳಾದ ಮೇಲೆ ತಪಾಸಣೆಗೆ ಮತ್ತೆ ರಾಯಚೂರಿಗೆ ಹೋದೆವು. "ನೀವೂ ರಕ್ತ ಕೊಡ್ರಿ ಮೇಡಂ" ಎಂದರು ಡಾಕ್ಟರು. ಸಂಜೆ ನೋಡಿದರೆ ಇವರ ಕೊಲೆಸ್ಟ್ರಾಲ್ ಇಳಿದಿತ್ತು. ಮಾತ್ರೆಯೂ ಸೊಪ್ಪೂ ಸೇರಿ ಕೆಲಸ ಮಾಡಿದ್ದವು. ನನ್ನದು ಏರಿತ್ತು.

"ಏನ್ ಉಣ್ತೀರಿ?" ಎಂದು ಡಾಕ್ಟರು ಕೇಳಿದರು. ಇವರ ಊಟ ಕೇಳಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದೆ. ನನ್ನದಕ್ಕೆ ಏನೆನ್ನಲಿ? ಇವರ ಮುಖ ನೋಡಿದೆ. ಇವರು ಗೋಡೆ ನೋಡುತ್ತಿದ್ದರು.

ಊರಿಗೆ ಮರಳುವ ಬಸ್ಸು ಕಲ್ಮಲ ದಾಟಿತು. ಆಮೇಲೆ ಇವರೇ ಅಂದರು, "ಇವತ್ತ ಅವ್ವಗ ಎಲ್ಲಾ ಹೇಳಿಬಿಡ್ತೀನಿ. ಇನ್ ಮ್ಯಾಲ ನೀನೂ ಸೊಪ್ಪು ತಿನ್ನು."

"ಖರೇನ ಹೇಳ್ತೀರಿ?"

"ಖರೇನ."

ನಂಬಿದೆ. ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ಏನಂದ್ರಪ್ಪಾ?"

"ಕಮ್ಮಿ ಆಗ್ಯದ ಯವ್ವಾ," ಎಂದರು ಇವರು. ಅಷ್ಟೇ.

"ನೋಡಿದ್ಯಾ? ನನ್ನ ಎಣಗಾಯಿನ ಕೈ ಹಿಡೀತು!" ಅತ್ತೆಯ ಕಣ್ಣಲ್ಲಿ ನೀರು ಬಂತು. ಇವರು ಒಳಗೆ ನಡೆದರು. ನನ್ನ ರಿಪೋರ್ಟು ನನ್ನ ಬ್ಯಾಗಿನಲ್ಲೇ ಉಳಿಯಿತು.

ಆ ಖುಷಿಗೆ ಅತ್ತೆ ಅಂದು ಇನ್ನೊಂದು ಎಣಗಾಯಿ ಹೆಚ್ಚಿಗೆ ಬಡಿಸಿದರು. ಇವರು ತಲೆ ಎತ್ತದೆ ಉಂಡು, ಕೈ ತೊಳೆಯಲು ಎದ್ದರು. ನಾನು ತಾಟಿನ ಮುಂದೆ ಕುಳಿತು ರೊಟ್ಟಿ ಎತ್ತಿದೆ. ಬಡಿಸಿದ ಎಣಗಾಯಿಗಳೆಲ್ಲ ಎಣ್ಣೆಯಲ್ಲಿ ಹಾಗೇ ಇದ್ದವು. ಮೆಂತ್ಯ ಸೊಪ್ಪು ಒಂದು ಎಸಳೂ ಉಳಿದಿರಲಿಲ್ಲ.

"ಉಣ್ಣವ್ವ, ಆರಿಹೋಗ್ತದ" ಎಂದರು ಅತ್ತೆ ಅಡುಗೆಮನೆಯಿಂದ.

ಉಂಡೆ.