ನಗುವುದಕ್ಕೆ ಹಿಂದಿಯಲ್ಲಿ ಏನನ್ನುತ್ತಾರೆ?

ರಾತ್ರಿಯೆಲ್ಲ ನೀರಿನಲ್ಲಿ ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಹಿತುಕಿದರೆ, ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತದೆ. ಈ ಕೆಲಸ ನಿಮಗೆ ಗೊತ್ತಿದ್ದರೆ, ಇದನ್ನು ಒಬ್ಬರೇ ಕೂತು ಮಾಡಲಾಗದೆಂಬುದೂ ಗೊತ್ತಿರುತ್ತದೆ. ಬೆರಳಿಗೆ ಕೆಲಸ ಸಿಕ್ಕ ಮೇಲೆ ನಾಲಿಗೆ ಸುಮ್ಮನಿರಲೊಲ್ಲದು. ಹೊಸಕೆರೆಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ಪ್ರತಿ ಚಳಿಗಾಲವೂ ಹೀಗೊಂದು ಸಭೆ ಸೇರುತ್ತದೆ. ಒಂದು ಕಾಲಕ್ಕೆ ಇದೇ ಜಾಗದಲ್ಲಿ ನಮ್ಮವರು ಅವರೆ ಬೆಳೆಯುತ್ತಿದ್ದರು. ಈಗ ಬಾಡಿಗೆದಾರರನ್ನು ಬೆಳೆಯುತ್ತೇವೆ.

ಈ ಸಲ ಮೇಲಿನ ಮನೆಯಾಕೆಯ ತಾಯಿಯೂ ಬಂದು ಪಕ್ಕದಲ್ಲಿ ಕೂತರು. ಗಂಡ ತೀರಿಕೊಂಡ ಮೇಲೆ ಮಗಳು ಅವರನ್ನು ಉತ್ತರದ ಯಾವುದೋ ಊರಿನಿಂದ ಕರೆತಂದು ಎರಡು ತಿಂಗಳಾಗಿತ್ತು. ಅವರಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ನನ್ನ ಕೈ ನೋಡಿಕೊಂಡು ಒಂದು ಕಾಳು ಹಿತುಕಿದರು ನೋಡಿ, ಅದು ಹಾರಿ ನನ್ನ ಕನ್ನಡಕಕ್ಕೆ ಟಪ್ಪೆಂದು ಬಡಿಯಿತು. ನಾನೂ ಸೊಸೆ ಸುಮಳೂ ಬಿದ್ದು ಬಿದ್ದು ನಕ್ಕೆವು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಮೇಲೆ ಹೋದವರು ಎರಡು ದಿನ ಕೆಳಗಿಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದ ಹಿರಿಯರು ನಗುವಿನ ಸಂಗತಿಯನ್ನು ಯಾಕೋ ಬಿಟ್ಟುಬಿಟ್ಟರು. ಆಡಿದ ಮಾತಿಗಾದರೆ ಇನ್ನೊಂದು ಅರ್ಥ ಹೇಳಿ ಜಾರಿಕೊಳ್ಳಬಹುದು. ನಕ್ಕ ನಗುವಿಗೆ ಏನು ಸಮಜಾಯಿಷಿ? ದುಃಖದಲ್ಲಿರುವ ಜೀವವನ್ನು ನೋಯಿಸಿದೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ. ಅವರ ಮಗಳ ಕೈಲಿ ಹೇಳಿಸಬಹುದಿತ್ತು. ಆದರೆ ನಕ್ಕಿದ್ದು ನನ್ನ ಬಾಯಿ. ತಪ್ಪಾಯಿತೆನ್ನಲು ಇನ್ನೊಬ್ಬರ ಬಾಯಿಯನ್ನು ಎರವಲು ತರಲು ಮನಸ್ಸಾಗಲಿಲ್ಲ.

ಹಾಗಾಗಿ ಸುಮಳೇ ಗುರುವಾದಳು. ಅತ್ತೆಯನ್ನು ತಿದ್ದುವ ಅವಕಾಶವನ್ನು ಯಾವ ಸೊಸೆ ಬಿಟ್ಟಾಳು?

“ನಗೋದಕ್ಕೆ ಹಸ್‌ನಾ ಅಂತಾರೆ ಅತ್ತೆ. ನೀವು ‘ನಾನು ನಕ್ಕೆ’ ಅನ್ನೋಕೆ ‘ಮೈ ಹಸೀ’ ಅನ್ಬೇಕು. ಮಾವ ಆದ್ರೆ ‘ಹಸಾ’.”

“ನಿಮ್ಮ ಮಾವ ನಕ್ಕಿದ್ದನ್ನ ನಾನು ನೋಡೇ ಇಲ್ಲ, ಅದು ಬಿಡು,” ಎಂದೆ.

‘ನಿಮ್ಮನ್ನು ನೋಡಿ ನಾನು ನಗಲಿಲ್ಲ’ ಎಂಬುದರ ಹಿಂದಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಪೂಜೆಗೂ ಒಗ್ಗರಣೆಗೂ ನಡುವೆ ಬಾಯಿಪಾಠ ಮಾಡಿದೆ. ಅರವತ್ತು ವರ್ಷ ಸಲೀಸಾಗಿ ನಕ್ಕವಳು ಅದನ್ನು ಹೀಗೆ ಅಕ್ಷರ ಕೂಡಿಸಿ ಕಲಿಯುತ್ತಿದ್ದಾಗ, ಯಾರ ಎದುರು ನಗುತ್ತಿದ್ದೇನೆಂದು ಎಂದೂ ನೋಡಿಕೊಂಡವಳಲ್ಲ ಎಂದು ಹೊಳೆದು ನಾಚಿಕೆಯಾಯಿತು.

ಮೂರನೆಯ ದಿನ ಹಿತಕಬೇಳೆ ಸಾರಿನ ಬಟ್ಟಲು ಹಿಡಿದು ಮೇಲೆ ಹೋದೆ. ಅವರೇ ಬಾಗಿಲು ತೆರೆದರು. ನಾನು ಬಾಯಿಪಾಠ ಒಪ್ಪಿಸುವ ಮೊದಲೇ ಅವರು ನನ್ನನ್ನು ಕೈಹಿಡಿದು ಒಳಗೆ ಕರೆದೊಯ್ದು, ಹಾರ ಹಾಕಿದ್ದ ಗಂಡನ ಫೋಟೊ ತೋರಿಸಿ, ಏನೇನೋ ಹೇಳಿದರು. ಅಷ್ಟು ಮಾತಿನಲ್ಲಿ ನನಗೆ ತಿಳಿದದ್ದು ಎರಡೇ ಪದ.

“ಮೈ ಹಸೀ,” ಎಂದು ಎದೆ ಮುಟ್ಟಿಕೊಂಡರು. ಕಣ್ಣು ತುಂಬಿತ್ತು. “ಮೈ ಹಸೀ.”

ಸೆರಗಿನ ಮರೆಯಲ್ಲಿ ಅವರೂ ನಕ್ಕಿದ್ದರು. ಆತ ಹೋಗಿ ಇಷ್ಟು ಬೇಗ ನನಗೆ ನಗು ಬಂತಲ್ಲ ಎಂದು ತಮ್ಮ ಮೇಲೆ ತಾವೇ ನೊಂದು ಎದ್ದು ಹೋಗಿದ್ದರು. ನಾನು ಹೇಳಲೆಂದು ಕಲಿತದ್ದು ಕೇಳಿಸಿಕೊಳ್ಳಲು ಒದಗಿತು. ತಿರುಗಿ ಹೇಳಲು ಹಿಂದಿ ಸಾಲದೆ, “ನಗಿ ಅಮ್ಮಾ, ಏನೂ ತಪ್ಪಿಲ್ಲ,” ಎಂದು ಕನ್ನಡದಲ್ಲೇ ಹೇಳಿ ಬೆನ್ನು ಸವರಿದೆ.

ಮಾರನೆಯ ಬೆಳಿಗ್ಗೆ ನಾನು ಅವರೆಕಾಳಿನ ಪಾತ್ರೆ ಹೊರಗಿಟ್ಟಾಗ ಅವರು ತಾವಾಗಿ ಇಳಿದು ಬಂದು ಕೂತರು. ಒಂದು ಕಾಳನ್ನು ಬೆರಳ ನಡುವೆ ಹಿಡಿದರು. ನಾನು ಕನ್ನಡಕ ತೆಗೆದು ಜೋಪಾನವಾಗಿ ಹಿಂದಕ್ಕಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಈ ಸಲ ಸೆರಗು ಬಾಯಿಯವರೆಗೆ ಹೋಗಲಿಲ್ಲ.