ಕೆಳಗಿನ ಅಂಗಡಿಯ ಕ್ಲಾರಿನೆಟ್

ಮಗು ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತು. ಕೋಲಾರದಲ್ಲಿ ಆಪರೇಷನ್ ಮಾಡಿ ತೆಗೆದರು. ನಾನು ಕಣ್ಣು ಬಿಡುವಷ್ಟರಲ್ಲಿ ಅದನ್ನು ಒಯ್ದು ಮಣ್ಣು ಮಾಡಿದ್ದರು. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮುಳಬಾಗಿಲಿನ ಬಾಡಿಗೆ ಮನೆಗೆ ಬಂದ ದಿನವೇ ಎದೆಯಲ್ಲಿ ಹಾಲು ತುಂಬಿ ಕಲ್ಲಾಯಿತು. ಮಗು ಇಲ್ಲ ಎನ್ನುವುದು ಮೈಗಿನ್ನೂ ತಿಳಿದಿರಲಿಲ್ಲ. ಶ್ರೀನಿವಾಸಪುರದಿಂದ ಬಂದಿದ್ದ ಅಮ್ಮ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

ನನ್ನ ಗಂಡನಿಗೆ ತೋಚಿದ ಉಪಾಯ ಒಂದೇ, ಹಾಡು. ಅದರಲ್ಲಿ ಅವರ ತಪ್ಪಿಲ್ಲ. ಕಾಲೇಜಿಗೆಂದು ಶ್ರೀನಿವಾಸಪುರದಿಂದ ಕೋಲಾರಕ್ಕೆ ಓಡಾಡುತ್ತಿದ್ದ ಕಾಲದಿಂದಲೂ ನನಗೆ ಅದೇ ಮದ್ದು. ಪರೀಕ್ಷೆಯ ಭಯವಿರಲಿ, ಮನೆಯಲ್ಲಿ ಜಗಳವಾಗಿರಲಿ, ಬಸ್ಸಿನ ಕಿಟಕಿ ಪಕ್ಕ ಕೂತು ಇಷ್ಟದ ನಾಲ್ಕು ಹಾಡು ಕೇಳಿದರೆ ಕೋಲಾರ ಬರುವ ಹೊತ್ತಿಗೆ ಮನಸ್ಸು ತಿಳಿಯಾಗಿರುತ್ತಿತ್ತು. ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಕೆಲವು ಕನ್ನಡ, ಹೆಚ್ಚಿನವು ತೆಲುಗು, ಎಲ್ಲವನ್ನೂ ಫೋನಿನಲ್ಲಿ ಒಂದು ಕಡೆ ಸೇರಿಸಿಟ್ಟಿದ್ದೆ.

ಅವರು ಪಕ್ಕದಲ್ಲಿ ಕೂತು ಅವನ್ನೇ ಹಾಕಿದರು. ಮೊದಲ ಹಾಡಿನ ಕೊಳಲು ಕೇಳಿದ್ದೇ ತಡ, ನನ್ನ ಉಸಿರು ಕಟ್ಟಿತು. ಐದನೆಯ ತಿಂಗಳಿಂದ ದಿನಾ ಸಂಜೆ ಫೋನನ್ನು ಹೊಟ್ಟೆಯ ಮೇಲಿಟ್ಟುಕೊಂಡು ಆ ಹಾಡನ್ನು ಮಗುವಿಗೆ ಕೇಳಿಸುತ್ತಿದ್ದೆ. ಕೊಳಲು ಬಂದಾಗ ಅದು ಒದೆಯುತ್ತಿತ್ತು. ಇದು ನಮ್ಮಿಬ್ಬರದೇ ಗುಟ್ಟು ಅಂದುಕೊಂಡು ಅವರಿಗೂ ಹೇಳಿರಲಿಲ್ಲ. ಫೋನನ್ನು ಕಿತ್ತುಕೊಂಡು ಬಾಗಿಲಾಚೆ ಎಸೆದೆ. ಅವರು ಎತ್ತಿಕೊಂಡು ಬಂದು, ಬಿರುಕು ಬಿಟ್ಟ ಗಾಜನ್ನು ಅಂಗಿಯ ಅಂಚಿನಿಂದ ಒರೆಸುತ್ತ ನಿಂತರು. ವಾರ ಕಳೆಯುವ ಮೊದಲೇ ನಂಗಲಿಯ ಹೈಸ್ಕೂಲಿಗೆ ಮತ್ತೆ ಪಾಠ ಮಾಡಲು ಹೋಗತೊಡಗಿದರು. ಇವರಿಗೇನೂ ಅನಿಸಿಯೇ ಇಲ್ಲ ಎಂದು ನಾನು ಒಳಗೊಳಗೇ ಕುದಿದೆ.

ಕೆಲಸದ ಗೆಳತಿ ಭಜನೆ ಕಳಿಸಿದಳು. ನಾದಿನಿ ನಿದ್ದೆ ಬರಿಸುವ ಸಂಗೀತ ಕಳಿಸಿದಳು. ಯಾವುದನ್ನೂ ಅರ್ಧ ನಿಮಿಷದ ಮೇಲೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ವರ್ಷ ಕಷ್ಟ ಬಂದಾಗ ಕೈ ಚಾಚುತ್ತಿದ್ದ ಒಂದೇ ವಸ್ತು ಹಾಡು. ಅದೂ ಹೋದ ಮೇಲೆ ಬೆಳಗಾಗುವುದೇ ಬೇಡ ಅನಿಸುತ್ತಿತ್ತು.

ನಮ್ಮ ಮನೆಯ ಕೆಳಗೆ ಮದುವೆಗಳಿಗೆ ಹೋಗುವ ಬ್ಯಾಂಡ್ ಸೆಟ್ಟಿನವರ ಅಂಗಡಿ. ಅದರ ಯಜಮಾನರು ಎಪ್ಪತ್ತು ದಾಟಿದ ಸಾಬರು. ದಿನಾ ಬೆಳಿಗ್ಗೆ ಶಟರ್ ಎತ್ತಿ ಒಂದು ಗಂಟೆ ಕ್ಲಾರಿನೆಟ್ ಊದುತ್ತಿದ್ದರು. ಊದದಿದ್ದರೆ ತುಟಿಯ ಬಲ ಹೋಗುತ್ತದಂತೆ. ಆಗ ಮದುವೆಯ ಹಾಡೊಂದನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಕಿವಿ ಮುಚ್ಚಿಕೊಂಡು ಕಿರುಚಿದೆ. ನನ್ನ ಗಂಡ ಕೆಳಗಿಳಿದು ಹೋಗಿ ಕೇಳಿಕೊಂಡರು. ಮರುದಿನದಿಂದ ಕ್ಲಾರಿನೆಟ್ ನಿಂತಿತು.

ಆ ನಿಶ್ಶಬ್ದ ಇನ್ನೂ ಕೆಟ್ಟದಾಗಿತ್ತು. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಂಡು, ಬೆರಳು ಜೋಮು ಹಿಡಿದು, ಈಗಲೇ ಸತ್ತೆ ಅನಿಸುವುದು ಶುರುವಾಯಿತು. ದಿನಕ್ಕೆ ಎರಡು ಸಲ, ಮೂರು ಸಲ. ಇಸಿಜಿ ಸರಿಯಾಗಿಯೇ ಬಂತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಗುಣ ಕಾಣಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಎಣಿಸುತ್ತ ನಿಧಾನ ಉಸಿರಾಡಿ ಎಂದರು. ನನಗೆ ಮೂರಕ್ಕೆ ಬರುವಷ್ಟರಲ್ಲಿ ಎಣಿಕೆ ತಪ್ಪುತ್ತಿತ್ತು.

ಒಂದು ತಿಂಗಳ ಮೇಲೆ, ಹೂ ತರಲು ಹೋಗಿದ್ದ ಅಮ್ಮ ಬಂದು ಹೇಳಿದಳು.

"ಕೆಳಗಿನ ಸಾಬ್ರು ಪೆಟ್ಟಿಗೆ ಹೊತ್ಕೊಂಡು ಕೆರೆ ಕಟ್ಟೆಗೆ ಹೋಗಿ ಊದ್ತಾವ್ರೆ ಅಮ್ಮಣ್ಣಿ. ಮಂಡಿ ನೋವು ಬೇರೆ. ಪಾಪಂ."

ನನಗೆ ನಾಚಿಕೆಯಾಯಿತು. ಮಧ್ಯಾಹ್ನ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ, ನೀವು ಇಲ್ಲೇ ಊದಿ ಎಂದೆ.

"ನಿಮ್ಗೆ ತಕ್ಲೀಫ್ ಆಗ್ತದಲ್ಲ ಬೇಟಿ," ಎಂದರು.

"ಹಾಡು ಮಾತ್ರ ನನ್ ಕೈಲಿ ಕೇಳಕ್ಕಾಗಲ್ಲ ಸಾಬ್ರೇ."

ಅವರು ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. "ಹಾಡು ಬೇಡ. ಸುಮ್ನೆ ಒಂದು ಸ್ವರ ಹಿಡೀತೀನಿ. ಅದ್ರಲ್ಲಿ ಏನೂ ಇರಲ್ಲ."

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತೆ. ಅವರು ಮಂದ್ರದ ಒಂದು ಸ್ವರವನ್ನು ಹಿಡಿದು ಉಸಿರು ಮುಗಿಯುವವರೆಗೂ ಊದಿದರು. ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಅದನ್ನೇ. ಕೇಳಲು ಇಂಪಾಗೇನೂ ಇರಲಿಲ್ಲ. ಕೊನೆಯಲ್ಲಿ ಗಾಳಿ ಸೋರುತ್ತಿತ್ತು. ಆದರೆ ಅದಕ್ಕೆ ಅಂಟಿಕೊಂಡ ಯಾವ ನೆನಪೂ ನನ್ನ ಬಳಿ ಇರಲಿಲ್ಲ. ಏಳನೆಯದೋ ಎಂಟನೆಯದೋ ಸಲಕ್ಕೆ ನನ್ನ ಉಸಿರೂ ಅದರ ಜೊತೆಯಲ್ಲೇ ಹೊರಗೆ ಹೋಗುತ್ತಿರುವುದು ತಿಳಿಯಿತು.

ಮನಸ್ಸು ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಹತ್ತು ನಿಮಿಷ ಸರಿಯಾಗಿ ಉಸಿರಾಡಿದೆ, ಅಷ್ಟೇ. ದಿನಾ ಹೋಗಿ ಕೂರತೊಡಗಿದೆ. ಒಂದು ದಿನ ಪಾತ್ರೆ ತೊಳೆಯುವಾಗ ಎದೆ ಹೊಡೆದುಕೊಳ್ಳಲು ಶುರುವಾಗಿ, ಒದ್ದೆ ಕೈಯಲ್ಲೇ ಓಡಿಹೋದೆ. ಸಾಬರು ಟೀ ಕುಡಿಯುತ್ತಿದ್ದರು. ನನ್ನ ಮುಖ ನೋಡಿ, ಲೋಟ ಕೆಳಗಿಟ್ಟು ಕ್ಲಾರಿನೆಟ್ ಎತ್ತಿಕೊಂಡರು. ಏನಾಯಿತು ಎಂದು ಅವರು ಅಂದೂ ಕೇಳಲಿಲ್ಲ, ಯಾವತ್ತೂ ಕೇಳಲಿಲ್ಲ.

ಒಂದು ಭಾನುವಾರ ನನ್ನ ಗಂಡನೂ ಬಂದು ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಸಾಬರು ಒಮ್ಮೆ ಊದಿ ಮತ್ತೆ ಊದುವ ನಡುವಿನ ಬಿಡುವಿನಲ್ಲಿ ಬೇರೊಂದು ಸದ್ದು ಕೇಳಿಸಿತು. ನನ್ನ ಗಂಡ ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

"ಹೆಣ್ಣು ಮಗು ಕಣೇ," ಎಂದರು. "ನಾನು ಎತ್ಕೊಂಡಿದ್ದೆ. ತಲೆ ತುಂಬ ಕೂದ್ಲಿತ್ತು. ನಿನಗೆ ಹೇಗೆ ಹೇಳಲಿ ಅಂತ ಗೊತ್ತಾಗ್ಲಿಲ್ಲ."

ಸಾಬರು ನಮ್ಮ ಕಡೆ ಒಮ್ಮೆ ನೋಡಿ, ಗೋಡೆಗೆ ಮುಖ ಮಾಡಿ ಕೂತು ಊದುತ್ತಲೇ ಹೋದರು. ಅವತ್ತು ನಾನು ಎಲ್ಲವನ್ನೂ ಕೇಳಿದೆ: ಎಷ್ಟು ತೂಕವಿತ್ತು, ಮೂಗು ಯಾರ ಹಾಗಿತ್ತು, ಯಾವ ಬಟ್ಟೆ ಸುತ್ತಿದರು. ಕೊಳಲಿನ ಗುಟ್ಟನ್ನು ಗಂಡನಿಗೆ ಹೇಳಿದೆ. ಬಿಸಿಲು ಮೆಟ್ಟಿಲಿಗೆ ಬರುವವರೆಗೂ ಅಲ್ಲೇ ಕೂತಿದ್ದೆವು.

ಮುಂದಿನ ಭಾನುವಾರ ನನ್ನ ಗಂಡ ನನ್ನನ್ನು ಮಗುವನ್ನು ಮಣ್ಣು ಮಾಡಿದ್ದ ತಮ್ಮೂರು ಲಕ್ಕೂರಿಗೆ ಕರೆದುಕೊಂಡು ಹೋದರು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಸ್ವಲ್ಪ ಕುಸಿದ ಜಾಗ, ಮೇಲೆ ಮೂರು ಕಲ್ಲು. ಒಂದು ಮೊರದಷ್ಟು ಅಗಲವೂ ಇರಲಿಲ್ಲ. ನೋಡುತ್ತಿದ್ದಂತೆ ನನ್ನ ಎದೆ ಬಿಗಿಯಿತು, ಅಲ್ಲೇ ಕೂತುಬಿಟ್ಟೆ. ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅವರು ಹೆದರಿ ಸುತ್ತ ನೋಡಿದರು. ತೋಟದಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಬೆನ್ನಿಗೆ ಎದೆ ಕೊಟ್ಟು ಕೂತು, ಬಾಯಿ ಮುಚ್ಚಿಕೊಂಡು ಒಂದೇ ಸ್ವರದಲ್ಲಿ ಗುನುಗತೊಡಗಿದರು. ಅವರಿಗೆ ಹಾಡಲು ಬರುವುದಿಲ್ಲ. ಸ್ವರ ಏರಿಳಿಯುತ್ತಿತ್ತು, ಮಧ್ಯೆ ಮಧ್ಯೆ ಅಳುವಿನಲ್ಲಿ ತುಂಡಾಗುತ್ತಿತ್ತು. ಆದರೂ ಬಿಡಲಿಲ್ಲ. ಅವರ ಎದೆಯ ನಡುಕ ನನ್ನ ಬೆನ್ನಿಗೆ ತಾಕುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಒಂದು ಉಸಿರು ಪೂರ್ತಿ ಒಳಗೆ ಹೋಯಿತು.

ಅದಾಗಿ ಮೂರು ತಿಂಗಳ ನಂತರ ಮತ್ತೆ ಲ್ಯಾಬಿನ ಕೆಲಸಕ್ಕೆ ಹೋದೆ. ಮಾತ್ರೆ ಒಂದು ವರ್ಷ ನಡೆಯಿತು. ಎದೆ ಹೊಡೆದುಕೊಳ್ಳುವುದು ಕಡಿಮೆಯಾಗಿದೆ, ನಿಂತಿಲ್ಲ. ಲಕ್ಕೂರಿಗೆ ಹೋದಾಗಲೆಲ್ಲ ಇಬ್ಬರೂ ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತೇವೆ.