ದೇವಿ ಇಟ್ಟ ಸೊಪ್ಪು

ದೇವಿ ಮೇಲಿನ ಕೇರಿಯ ಹುಡುಗಿ, ಹೊನ್ನನ ಕೊನೆಯ ಮಗಳು. ಅವರ ಕೇರಿ ಗುಡ್ಡದ ನೆತ್ತಿಯಲ್ಲಿದೆ. ನಾಲ್ಕೈದು ಮನೆ, ಒಂದಿಷ್ಟು ಗದ್ದೆ. ಫೋನು ಹಿಡಿದು ಹಲಸಿನ ಮರ ಹತ್ತಿದರೂ ಸಿಗ್ನಲ್ ಬಾರದ ಜಾಗ ಅದು. ದೇವಿಗೆ ಹುಟ್ಟಿದಾಗಿನಿಂದ ಮಾತು ಕಡಿಮೆ. ಅವಳ ಅವ್ವ ಹೇಳುವ ಪ್ರಕಾರ ಹಸಿವಾದರೂ ಅಳುತ್ತಿರಲಿಲ್ಲವಂತೆ, ಸುಮ್ಮನೆ ಅಡುಗೆಮನೆಯ ಬಾಗಿಲು ನೋಡುತ್ತಿದ್ದಳಂತೆ.

ಹೈಸ್ಕೂಲಿಗೆ ಆ ಕೇರಿಯಿಂದ ಇಳಿದು ಬರುವವಳು ಅವಳೊಬ್ಬಳೇ. ನಮ್ಮ ಬೇಲಿಯ ಬಾಗಿಲಾದ ದಣಪೆಯೆದುರು ಅವಳ ಕಾಲುದಾರಿ ಮತ್ತು ಹೊಳೆಬದಿಯ ಗಾಡಿದಾರಿ ಕೂಡುತ್ತವೆ. ಗಾಡಿದಾರಿಯಲ್ಲಿ ಮಮತಾ, ಸುನೀಲ, ದರ್ಶನ ಬರುತ್ತಿದ್ದರು. ನಾಲ್ವರೂ ಒಂದೇ ತರಗತಿ. ಕೂಡಿದ ಮೇಲೆ ಬಿಳಗಿ ರಸ್ತೆಯವರೆಗೆ ಒಂದೇ ದಾರಿ, ನಡುವೆ ಕಾಡು. ಆ ಕಾಡನ್ನು ಒಬ್ಬಳೇ ದಾಟಲು ದೇವಿಗೆ ಹೆದರಿಕೆ.

ಎಂಟನೇ ತರಗತಿಯ ಮೊದಲ ದಿನಗಳಲ್ಲಿ ಅವಳು ಕವಲಿಗೆ ಬಂದು ನಿಂತೇ ಇರುತ್ತಿದ್ದಳು. ಅವರು ಮುಂದೆ ಹೋದರೋ, ಇನ್ನೂ ಬರಬೇಕೋ, ಗೊತ್ತಿಲ್ಲ. ನಾನು ಜಗಲಿಯಲ್ಲಿ ಗುಡಿಸುವ ಹಿಡಿ ಕಟ್ಟುತ್ತ ಕೂತಿದ್ದರೆ ಹೇಳುತ್ತಿದ್ದೆ. ಕೊಟ್ಟಿಗೆಯಲ್ಲಿದ್ದರೆ ಯಾರು ಹೇಳಬೇಕು? ಹೊತ್ತು ಮೀರಿ ಹೋಗಿ ತರಗತಿಯ ಹೊರಗೆ ನಿಲ್ಲುವುದಾಗುತ್ತಿತ್ತು.

ಆಗ ಅವಳು ಮೂವರಿಗೂ ತನ್ನ ಅಜ್ಜನ ಕಾಲದ ರೂಢಿ ಹೇಳಿಕೊಟ್ಟಳು. ಕಾಡಿಗೆ ಜೇನಿಗೆ ಹೋಗುವವರು ಕವಲಿನಲ್ಲಿ ಹಸಿ ಸೊಪ್ಪು ಮುರಿದಿಟ್ಟು ಮೇಲೊಂದು ಕಲ್ಲು ಹೇರುತ್ತಿದ್ದರು. ಸೊಪ್ಪಿನ ತುದಿ ಯಾವ ಕಡೆಗಿದೆಯೋ ಆ ಕಡೆ ಹೋಗಿದ್ದಾರೆ ಅಂತ. ಎಷ್ಟು ಬಾಡಿದೆ ನೋಡಿದರೆ ಹೋಗಿ ಎಷ್ಟು ಹೊತ್ತಾಯಿತು ಅಂತಲೂ ತಿಳಿಯುತ್ತದೆ.

“ನಾವೆಂತ ಜೇನು ಕೀಳೂಕೆ ಹೋಗ್ತಿದ್ವಾ ಮಾರಾಯ್ತಿ?” ಎಂದು ಸುನೀಲ ನಕ್ಕ.

“ನೀ ಇಡೂದು ಬ್ಯಾಡ ಬಿಡು. ಕಲ್ಲು ನಿನ್ನ ತಲೆ ಮೇಲೇ ಹೇರ್ತೆ,” ಅಂದಳು ಮಮತಾ.

ಮರುದಿನ ಮೊದಲು ಇಟ್ಟವನೇ ಸುನೀಲ. ಅವನದು ಗೇರುಸೊಪ್ಪು. ದರ್ಶನನದು ಹಲಸು. ಮಮತಾಳದು ನನ್ನ ಬೇಲಿಯ ದಾಸವಾಳ. ಬೈದರೆ “ಹೂ ಕೀಳ್ಲಿಲ್ಲ ವೆಂಕಜ್ಜಿ, ಬರೀ ಎಲೆ” ಅನ್ನುವಳು. ಸೊಪ್ಪಿಟ್ಟು ಕಾಡಿನ ಬಾಯಿಯವರೆಗೆ ಹೋಗಿ, ಮೋರಿಯ ಮೇಲೆ ಕೂತು ನೀರಿನ ಮೀನು ನೋಡುತ್ತ ದೇವಿಗೆ ಕಾಯುತ್ತಿದ್ದರು. ಕೊನೆಗೆ ಬಂದವರು ಎಲ್ಲ ಸೊಪ್ಪು ತೆಗೆದು ಬೇಲಿಗೆ ಎಸೆಯಬೇಕು, ಇಲ್ಲದಿದ್ದರೆ ಮರುದಿನ ಮೋಸವಾಗುತ್ತದೆ. ಕೊನೆಯವಳು ಯಾವಾಗಲೂ ದೇವಿ. ಹಾಗಾಗಿ ಅವಳು ಸೊಪ್ಪು ತೆಗೆದಳೇ ಹೊರತು ಒಂದು ದಿನವೂ ಇಡಲಿಲ್ಲ. ಮಳೆಗಾಲ ಹೋಗಿ ಬೇಸಗೆ ಬಂತು, ಬೇಸಗೆ ಹೋಗಿ ಮಳೆ ಬಂತು. ಹುಡುಗರ ಸ್ವರ ಒಡೆಯಿತು. ಕವಲಿನಲ್ಲಿ ಸೊಪ್ಪು ಮಾತ್ರ ದಿನಾ ಹೊಸದು.

ಹತ್ತನೇ ತರಗತಿಯವರನ್ನು ಬೀಳ್ಕೊಡುವ ದಿನ ಹತ್ತಿರ ಬಂತು. ತರಗತಿಯ ಪರವಾಗಿ ಒಬ್ಬರು ನೆನಪು ಹೇಳಬೇಕು. ಮಾತಿನವರೆಲ್ಲ ನಾನು ನೀನು ಅಂತ ಜಗಳ ಮಾಡಿದರಂತೆ. ಮಮತಾ ಎದ್ದು ನಿಂತು, “ದೇವಿ ಹೇಳ್ಲಿ ಸರ್. ಮೂರು ವರ್ಷ ಬಾಯಿ ಮುಚ್ಚಿಕೊಂಡು ಎಲ್ಲಾ ನೋಡಿದವಳು ಅವಳೊಬ್ಬಳೇ” ಅಂದಳಂತೆ. ಇಡೀ ತರಗತಿ ಚಪ್ಪಾಳೆ ತಟ್ಟಿತಂತೆ. ದೇವಿಗೆ ಆವತ್ತಿನಿಂದ ಊಟ ಸೇರಲಿಲ್ಲ.

ಬೀಳ್ಕೊಡುವ ದಿನ ಬೆಳಿಗ್ಗೆ ಇಬ್ಬನಿ ದಟ್ಟವಾಗಿತ್ತು. ನಾನು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದೆ. ಹೊರಗೆ ಒಂದು ಪಿಕಪ್ಪು ಹೋಯಿತು, ಹಾಡು, ನಗೆ, ಕೇಕೆ. ಮದುವೆಯ ದಿಬ್ಬಣ ಅಂದುಕೊಂಡೆ. ಹೊರಗೆ ಬಂದರೆ ಮಾವಿನ ಹೂವಿನ ವಾಸನೆ, ಇಬ್ಬನಿಯಲ್ಲಿ ತೇಲಿದ ಹಾಗೆ ದೇವಿ ಇಳಿದು ಬರುತ್ತಿದ್ದಳು. ಅವ್ವನ ಹಸಿರು ಸೀರೆ. ನಡೆಯಲು ಬಾರದೆ ನೆರಿಗೆ ಎತ್ತಿ ಹಿಡಿದಿದ್ದಳು.

ಕವಲಿನಲ್ಲಿ ಬಗ್ಗಿ ನೋಡಿದಳು. ಸೊಪ್ಪಿಲ್ಲ.

“ಇವತ್ತು ನಾನೇ ಮೊದ್ಲು ಅಜ್ಜಿ,” ಅಂದಳು. ಮುಖ ಅರಳಿತ್ತು.

ಜಗಲಿಗೆ ಬಂದು ಕೂತಳು. ಬೆಲ್ಲದ ಕಾಫಿ ಕೊಟ್ಟೆ.

“ಎಂತ ಹೇಳ್ತೆ ಇವತ್ತು?” ಅಂತ ಕೇಳಿದೆ.

“ಗೊತ್ತಿಲ್ಲ. ಎಲ್ಲಾ ಒಟ್ಟಿಗೆ ನೆನಪಾಗ್ತದೆ, ಬಾಯಿಗೆ ಬರೂದಿಲ್ಲ.”

“ನನ್ನ ಹತ್ರ ಹೇಳು. ನಾನೇನು ಮೈಕಾ?”

ನಕ್ಕಳು. ಮೆಲ್ಲಗೆ ಶುರು ಮಾಡಿದಳು. ಒಂಬತ್ತನೇ ತರಗತಿಯ ಪ್ರವಾಸ. ಅರಬೈಲ್ ಘಟ್ಟದಲ್ಲಿ ಬಸ್ಸು ಕೆಟ್ಟು ಎಲ್ಲರೂ ಇಳಿದದ್ದು. ಕೆಳಗೆ ಬಿಳೀ ಮೋಡ, ಮೋಡದ ಮೇಲೆ ಇವರು. ಆಗ ಯಾರೂ ಮಾತಾಡಲಿಲ್ಲವಂತೆ, ಸುನೀಲ ಕೂಡ. ಮಳೆಯಲ್ಲಿ ತರಗತಿಯ ಹೆಂಚಿನಿಂದ ನೀರು ಸೋರಿದಾಗ ಎಲ್ಲರೂ ಒಂದೇ ಮೂಲೆಗೆ ಬೆಂಚು ಎಳೆದುಕೊಂಡು ಬೆಚ್ಚಗೆ ಕೂತದ್ದು. ಒದ್ದೆ ಚೀಲಗಳ ವಾಸನೆ. ದರ್ಶನ ಲೆಕ್ಕದ ಕ್ಲಾಸಿನಲ್ಲಿ ನಿದ್ದೆಹೋಗಿ “ಅವ್ವಾ, ಇನ್ನೊಂದ್ ದೋಸೆ” ಅಂದದ್ದು. ಬಾಡದ ಸೊಪ್ಪು ನೋಡಿದ ಕೂಡಲೇ ಮೋರಿಯವರೆಗೆ ತಾನು ಓಡುತ್ತಿದ್ದದ್ದು.

“ಅದೇ ನಂಗೆ ಬಾಳ ಇಷ್ಟ ಅಜ್ಜಿ. ಓಡೂದು. ಮುಂದೆ ಯಾರೋ ಕಾಯ್ತಿದ್ರು ಅಂತ ಗೊತ್ತಿರ್ತಿತ್ತಲ್ಲ.”

ಅವಳ ದನಿ ಕೇಳುತ್ತ ಕೇಳುತ್ತ ನನಗೂ ಹೊತ್ತು ತಿಳಿಯಲಿಲ್ಲ. ಇಬ್ಬನಿ ಕರಗಿ ಬಿಸಿಲು ಅಂಗಳದ ಮಧ್ಯಕ್ಕೆ ಬಂದಿತ್ತು. ಅವಳು ಒಂದೇ ಸಮ ಗಾಡಿದಾರಿ ನೋಡುತ್ತಿದ್ದಳು.

“ಇಷ್ಟೊತ್ತಾದ್ರೂ ಬರ್ಲಿಲ್ಲ. ಸೀರೆ ಉಡೂಕೆ ತಡ ಆಯ್ತೇನೋ ಮಮತಾಳಿಗೆ,” ಅಂದಳು.

ಮಮತಾ ಅಂದಾಗ ನನಗೆ ಬೆಳಗಿನ ಪಿಕಪ್ಪಿನ ನಗೆ ನೆನಪಾಯಿತು. ದಿಬ್ಬಣದಲ್ಲಿ ಒಬ್ಬಳು ನಗುನಗುತ್ತ ಬಿಕ್ಕಳಿಸಿದ್ದಳು. ಹಾಗೆ ನಗುವುದು ಈ ಕಡೆ ಒಬ್ಬಳೇ.

ಹೇಳಲೋ ಬೇಡವೋ ಅನ್ನಿಸಿತು. ಹೇಳಿದೆ.

ದೇವಿ ಎದ್ದಳು. ಲೋಟ ತೊಳೆದು ಬೋರಲಾಗಿ ಇಟ್ಟಳು.

“ಪಿಕಪ್ಪಿನಲ್ಲಿ ಹೋಗೂವವರಿಗೆ ಕವಲು ಕಾಣೂದಿಲ್ಲ ಅಜ್ಜಿ,” ಅಂದಳು. ಜಗಲಿಯಿಂದ ಇಳಿಯುತ್ತ, “ಇವತ್ತೇ ಮರ್ತ್ರು. ಇನ್ನು ಮುಂದಿನದ್ದು ಕೇಳೂದೇ ಬ್ಯಾಡ” ಅಂದಳು.

ಗುಡ್ಡದ ಕಡೆಗೆ ತಿರುಗಿ ಕಾಲುದಾರಿ ಹತ್ತಿದಳು. ಮನೆಗೆ ಹೋದಳೆಂದೇ ನಾನು ತಿಳಿದೆ. ಕರೆಯಲಿಲ್ಲ. ಆ ವಯಸ್ಸಿನಲ್ಲಿ ಕರೆದರೆ ಇನ್ನೂ ದೂರ ಹೋಗುತ್ತಾರೆ. ತಿರುವಿನ ಹತ್ತಿರ ನೇರಳೆ ಗಿಡವಿದೆ, ಅಲ್ಲಿ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಒಂದು ಟಿಸಿಲು ಮುರಿದುಕೊಂಡು ಕೆಳಗೆ ಬಂದಳು. ಕವಲಿನಲ್ಲಿಟ್ಟು, ತುದಿಯನ್ನು ಕಾಡಿನ ಕಡೆಗೆ ತಿರುಗಿಸಿ, ಕಲ್ಲು ಹೇರಿದಳು.

“ಹಿಂದೆ ಯಾರೂ ಬರೂದಿಲ್ಲಲ್ಲೇ,” ಅಂದೆ.

“ಗೊತ್ತು,” ಅಂದಳು.

ಸೀರೆ ಎತ್ತಿ ಸಿಕ್ಕಿಸಿಕೊಂಡು ಒಬ್ಬಳೇ ಹೋದಳು. ಕಾಡಿನ ನೆರಳು ಆ ಹಸಿರು ಸೀರೆಯನ್ನು ನುಂಗುವವರೆಗೆ ನೋಡಿದೆ.

ಮಧ್ಯಾಹ್ನವೆಲ್ಲ ನನ್ನ ಕೈಗೆ ಕೆಲಸ ಹತ್ತಲಿಲ್ಲ. ಸಂಜೆ ಬಿಸಿಲು ಕೆಂಪಾಗುವ ಹೊತ್ತಿಗೆ ಪಿಕಪ್ಪು ಖಾಲಿ ಹೋಯಿತು. ಜಗಲಿಯಲ್ಲಿ ಎದ್ದು ನಿಂತೆ. ಅದರ ಹಿಂದೆ, ದೂರದಲ್ಲಿ, ಕಾಲುಸಪ್ಪಳ. ನಾಲ್ವರೂ ನಡೆದು ಬರುತ್ತಿದ್ದರು. ಮಮತಾಳ ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು, ಚಪ್ಪಲಿ ಕೈಯಲ್ಲಿತ್ತು.

“ಹೆಂಗೆ ಮಾತಾಡಿದ್ಲಾ ನಮ್ಮ ದೇವಿ?” ಅಂತ ಕೇಳಿದೆ.

“ಎಂತ ಮಾತಾಡಿದ್ಲು ಅಜ್ಜಿ!” ಅಂದ ಸುನೀಲ. “ಅತಿಥಿಗಳು ತಡ ಮಾಡಿ ಬಂದದ್ದು ಪುಣ್ಯ, ಇವಳು ಸಿಕ್ಕಿದ್ಲು. ಮೈಕು ಹಿಡ್ಕೊಂಡು ನಿಂತ್ಲು, ನಿಂತ್ಲು. ಕರೆಂಟು ಹೋಯ್ತು ಅಂತ ಸರ್ ಸ್ವಿಚ್ ನೋಡೂಕೆ ಎದ್ರು. ಆಮೇಲೆ ‘ಇವತ್ತು ಕವಲಿನಲ್ಲಿ ಸೊಪ್ಪು ಇರ್ಲಿಲ್ಲ’ ಅಂದ್ಲು. ಇಳಿದು ಬಂದ್ಲು. ಅಷ್ಟೇ ಭಾಷಣ.”

“ಯಾರಿಗೂ ಎಂತದೂ ಅರ್ಥ ಆಗ್ಲಿಲ್ಲ,” ಅಂದ ದರ್ಶನ. “ನಾವು ಮೂರು ಜನ ಮಾತ್ರ ನೆಲ ನೋಡಿದ್ದು.”

“ಇವ ಬಾರೀ ಬಿಕ್ಕಿದ,” ಅಂದಳು ಮಮತಾ.

“ನೀ ಮಾತ್ರ ನಗ್ತಿದ್ದೆ ಕಾಣ್ತದೆ, ಕೆನ್ನೆ ನೋಡ್ಕೋ,” ಅಂದ ದರ್ಶನ.

ದೇವಿ ಅವರ ಹಿಂದೆ ನಡೆದಳು. ಹಾಗೆಯೇ ಕವಲಿಗೆ ಬಂದರು. ನೇರಳೆ ಸೊಪ್ಪು ಬಿಸಿಲಿಗೆ ಬಾಡಿ ಕಲ್ಲಿನ ಕೆಳಗೆ ಮಲಗಿತ್ತು. ಮೂವರೂ ನಿಂತರು.

“ಇದ್ಯಾರದ್ದು? ನೇರಳೆ ನಮ್ಮಲ್ಲಿ ಯಾರದ್ದೂ ಅಲ್ಲಲ್ಲ,” ಅಂದ ದರ್ಶನ.

ಮಮತಾ ದೇವಿಯ ಮುಖ ನೋಡಿದಳು. ಬಗ್ಗಿ ಕಲ್ಲು ಸರಿಸಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ಕೊನೆಯವರು ತೆಗೀಬೇಕು. ನಾ ಕೊನೆಯವಳಲ್ಲ. ಸುನೀಲ, ನೀ ತೆಗೆ.”

“ನಾನೆಂತಕ್ಕೆ? ನಾ ನಿನ್ನಕಿಂತ ಮುಂದೆ ಬಂದೆ. ದರ್ಶನ ಇದ್ದ ಹಿಂದೆ.”

“ನನ್ನ ಹಿಂದೆ ದೇವಿ ಇದ್ಲು.”

“ಇಟ್ಟವರು ತೆಗೀಬಾರ್ದು,” ಅಂದಳು ದೇವಿ. ಅವಳ ತುಟಿಯ ಕೊನೆಯಲ್ಲಿ ಬೆಳಗಿನ ನಗೆ ಮತ್ತೆ ಬಂದಿತ್ತು.

ಹೀಗೇ ಬಹಳ ಹೊತ್ತು ಜಗಳವಾಡಿದರು. ಯಾರೂ ತೆಗೆಯಲಿಲ್ಲ. ಕೊನೆಗೆ ದೇವಿಯನ್ನು ತಿರುವಿನವರೆಗೆ ಮೂವರೂ ಬಿಟ್ಟುಬಂದು, ತಮ್ಮ ದಾರಿ ಹಿಡಿದರು.

ಮರುದಿನ ಅಂಗಳ ಗುಡಿಸುತ್ತ ದಣಪೆಯವರೆಗೆ ಹೋದೆ. ಕಲ್ಲಿನ ಸುತ್ತ ಗುಡಿಸಿ ಬಂದೆ.